ಮನಸ್ಸು ಓಡುತ್ತದೆ, ಮೈ ಇಲ್ಲೇ ಇರುತ್ತದೆ: ಧ್ಯಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ನಮ್ಮ ಮನೆ ಮಹಡಿ ರೂಮಿನಲ್ಲಿ ಏಳೆಂಟು ಜನ ಒಟ್ಟಿಗೆ ಧ್ಯಾನಕ್ಕೆ ಕೂರುತ್ತೇವೆ. ಮುಗಿದ ಮೇಲೆ ಕಾಫಿ. ಆ ಕಾಫಿ ಹೊತ್ತಿನಲ್ಲಿ ಬರುವ ಪ್ರಶ್ನೆಗಳು, ಆಮೇಲೆ ಪತ್ರದಲ್ಲೋ ವಾಟ್ಸಾಪ್‌ನಲ್ಲೋ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಗುರು ಅಲ್ಲ, ಡಾಕ್ಟರೂ ಅಲ್ಲ. 11 ವರ್ಷದಿಂದ ಕೂರುತ್ತಿದ್ದೇನೆ, ಅದರಲ್ಲಿ ಮೊದಲ ಎರಡು ವರ್ಷ ಪೂರ್ತಿ ತಪ್ಪಾಗಿ ಕೂತೆ. ಹೊಸಬರ ಪ್ರಶ್ನೆಗಳು ಮೊದಲು ಇವೆ, ಹಳಬರದ್ದು ಕೊನೆಗೆ.

## ಈಗಷ್ಟೇ ಶುರು ಮಾಡುವವರು

ಕಣ್ಣು ಮುಚ್ಚಿದ ತಕ್ಷಣ ಊರಿನ ಯೋಚನೆಯೆಲ್ಲ ಬರತ್ತೆ. ನನ್ನ ಮನಸ್ಸೇ ಸರಿ ಇಲ್ವಾ?

ಸರಿಯಾಗೇ ಇದೆ. ಎಲ್ಲರದ್ದೂ ಹೀಗೇ. ಬಸವಣ್ಣನವರೇ ತಮ್ಮ ಮನಸ್ಸನ್ನು ಕೊಂಬೆ ಮೇಲಿನ ಕೋತಿಗೆ ಹೋಲಿಸಿಕೊಂಡಿದ್ದಾರೆ. ಅದು 12ನೇ ಶತಮಾನ, ಆಗ ಮೊಬೈಲ್ ಇರಲಿಲ್ಲ. ಹಾಗಾಗಿ ತಪ್ಪನ್ನೆಲ್ಲ ಮೊಬೈಲ್ ತಲೆಗೆ ಕಟ್ಟುವುದು ಬೇಡ.

2010ರಲ್ಲಿ ಹಾರ್ವರ್ಡ್‌ನ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬ ಇಬ್ಬರು ಒಂದು ಕೆಲಸ ಮಾಡಿದರು. 2,250 ಜನರಿಗೆ ದಿನದ ಯಾವುದೋ ಹೊತ್ತಿನಲ್ಲಿ ಫೋನಿನಲ್ಲಿ ಪ್ರಶ್ನೆ ಕಳಿಸುವುದು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ, ಎಷ್ಟು ಖುಷಿಯಾಗಿದ್ದೀರಿ. ಬಂದ ಉತ್ತರಗಳಲ್ಲಿ ಶೇಕಡ 46.9ರಷ್ಟು ಸಲ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಅಂದರೆ ಹತ್ತಿರ ಹತ್ತಿರ ಅರ್ಧ ಹೊತ್ತು. ಮನಸ್ಸು ಬೇರೆ ಕಡೆ ಇದ್ದಾಗ ಜನ ಅಷ್ಟೇನೂ ಖುಷಿಯಾಗಿರಲಿಲ್ಲ ಅನ್ನುವುದೂ ಅದರಲ್ಲೇ ಕಂಡಿತು. ಇನ್ನು ಮಿದುಳಿನ ಲೆಕ್ಕದಲ್ಲಿ ನೋಡಿದರೆ, ನಾವು ಸುಮ್ನೆ ಇದ್ದಾಗಲೇ ಜಾಸ್ತಿ ಕೆಲಸ ಮಾಡುವ ಕೆಲವು ಭಾಗಗಳಿವೆ. 2001ರಲ್ಲಿ ಮಾರ್ಕಸ್ ರೈಕಲ್ ಮತ್ತು ಅವರ ಜೊತೆಯವರು ಇದಕ್ಕೆ ಡೀಫಾಲ್ಟ್ ಮೋಡ್ ಅಂತ ಹೆಸರಿಟ್ಟರು. ಕೈಗೆ ಕೆಲಸ ಇಲ್ಲ ಅಂದರೆ ಅಲ್ಲಿ ನಿನ್ನೆಯದ್ದು, ನಾಳೆಯದ್ದು, ಅವರು ನನ್ನ ಬಗ್ಗೆ ಏನಂದುಕೊಂಡರೋ ಎಂಬುದು, ಎಲ್ಲ ಶುರುವಾಗುತ್ತದೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಗೋಡೆ ಗಡಿಯಾರದ ಸದ್ದು ಜೋರಾಗಿ ಕೇಳುತ್ತದಲ್ಲ? ಗಡಿಯಾರವೇನೂ ರಾತ್ರಿ ಜೋರಾಗಿ ಓಡುವುದಿಲ್ಲ. ಕಣ್ಣು ಮುಚ್ಚಿದಾಗ ಆಗುವುದೂ ಇದೇ.

ಹಾಗಾದ್ರೆ ಯೋಚನೆ ನಿಲ್ಲಿಸೋದು ಹೇಗೆ?

ನಿಲ್ಲಿಸಬೇಡಿ. ನನ್ನ ಎರಡು ವರ್ಷ ಹಾಳಾಗಿದ್ದು ಇದರಲ್ಲೇ. ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿ, ಯೋಚನೆ ಬರದ ಹಾಗೆ ತಡೆದುಕೊಂಡು ಕೂರುತ್ತಿದ್ದೆ. ಏಳುವಷ್ಟರಲ್ಲಿ ತಲೆನೋವು. ಮನೆಯವರು ಕೇಳಿದರೆ "ಧ್ಯಾನ ಮಾಡಿ ಬಂದೆ" ಅಂತ ಸಿಡುಕುತ್ತಿದ್ದೆ.

ಕೆಲಸ ಇಷ್ಟೇ. ಮನಸ್ಸನ್ನು ಒಂದು ಕಡೆ ಇಡುತ್ತೀರಿ, ಉಸಿರಿನ ಮೇಲೆ ಅಂತ ಇಟ್ಟುಕೊಳ್ಳಿ. ಅದು ಓಡಿಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಎರಡು ನಿಮಿಷ ಬಿಟ್ಟು ಥಟ್ಟನೆ "ಅಯ್ಯೋ, ಎಲ್ಲೋ ಹೋಗಿಬಿಟ್ಟಿದ್ದೆನಲ್ಲ" ಅನಿಸುತ್ತದೆ. ಜನ ಈ ಕ್ಷಣವನ್ನು ಸೋಲು ಅಂದುಕೊಳ್ಳುತ್ತಾರೆ, ಬೇಜಾರು ಮಾಡಿಕೊಳ್ಳುತ್ತಾರೆ, ಕೆಲವರು ಎದ್ದೇ ಹೋಗುತ್ತಾರೆ. ನಾವು ಕೂತಿರುವುದೇ ಆ ಕ್ಷಣಕ್ಕೋಸ್ಕರ. ಗೊತ್ತಾಯಿತಾ, ವಾಪಸ್ ಬನ್ನಿ. ಹತ್ತು ನಿಮಿಷದಲ್ಲಿ 20 ಸಲ ಹೋಗಿ 20 ಸಲ ವಾಪಸ್ ಬಂದರೆ ಅದು ಒಳ್ಳೆಯ ಕೂರುವಿಕೆ. ಗೀತೆಯ 6ನೇ ಅಧ್ಯಾಯದಲ್ಲೂ ಮನಸ್ಸು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಲ್ಲಿಂದ ಕರೆತರಬೇಕು ಅಂತಲೇ ಇರುವುದು. ಎಲ್ಲಿಗೂ ಹೋಗದ ಹಾಗೆ ಕಟ್ಟಿಹಾಕಿ ಅಂತ ಆ ಶ್ಲೋಕದಲ್ಲಿ ಇಲ್ಲ.

ಸರಿ, ಕೂತು ಏನ್ ಮಾಡ್ಬೇಕು? ಬಿಡಿಸಿ ಹೇಳಿ.

ಫೋನಿನಲ್ಲಿ ಹತ್ತು ನಿಮಿಷಕ್ಕೆ ಅಲಾರಂ ಇಟ್ಟು, ಅದನ್ನು ಕೈಗೆ ಸಿಗದ ಜಾಗದಲ್ಲಿಡಿ. ಬೆನ್ನು ನೆಟ್ಟಗೆ, ಭುಜ ಸಡಿಲ. ಕಣ್ಣು ಮುಚ್ಚಿ, ಇಲ್ಲವೇ ಮುಂದಿನ ನೆಲದ ಮೇಲೆ ದೃಷ್ಟಿ ಇಳಿಬಿಡಿ.

ಮೊದಲು ಉಸಿರಿಗೆ ಹೋಗಬೇಡಿ. ಕೂತಿರುವ ಜಾಗ ಗಮನಿಸಿ. ಕುಂಡೆ ಚಾಪೆಗೆ ಒತ್ತುವ ಕಡೆ ಭಾರ ಇದೆ, ಅಲ್ವಾ? ಎಡಕ್ಕೆ ಜಾಸ್ತಿಯಾ, ಬಲಕ್ಕಾ? ಆಮೇಲೆ ಅಂಗೈ. ತೊಡೆಗೆ ತಾಗಿರುವ ಕಡೆ ಬೆಚ್ಚಗಿರುತ್ತದೆ. ಆಮೇಲೆ ಮುಖ: ದವಡೆ ಬಿಗಿದಿದ್ದರೆ ಬಿಡಿ. ಇಷ್ಟಕ್ಕೆ ಎರಡು ನಿಮಿಷ. ಈಗ ಉಸಿರು. ಮೂಗಿನ ಹೊಳ್ಳೆಯ ಹತ್ತಿರ ಒಳಗೆ ಹೋಗುವ ಗಾಳಿ ಸ್ವಲ್ಪ ತಣ್ಣಗೆ, ಹೊರಗೆ ಬರುವುದು ಸ್ವಲ್ಪ ಬೆಚ್ಚಗೆ. ಅದು ಗೊತ್ತಾಗದಿದ್ದರೆ ಹೊಟ್ಟೆ ಏರಿ ಇಳಿಯುವುದನ್ನು ಹಿಡಿಯಿರಿ. ಎರಡರಲ್ಲಿ ಒಂದು ಆರಿಸಿಕೊಂಡರೆ ಅವತ್ತಿಗೆ ಅದೇ. ಮನಸ್ಸು ಹೋಯಿತು ಅಂತ ಗೊತ್ತಾದಾಗ ಒಳಗೇ "ಯೋಚನೆ" ಅಂತ ಒಂದು ಸಲ ಹೆಸರು ಹೇಳಿ, ವಾಪಸ್. ಈ ಹೆಸರು ಹೇಳುವ ಕ್ರಮವನ್ನು ಬರ್ಮಾದ ಮಹಾಸಿ ಸಯಾಡೊ ಎಂಬ ಭಿಕ್ಷು ಬಳಕೆಗೆ ತಂದರು, ಹೊಟ್ಟೆಯ ಏರಿಳಿತ ನೋಡುವುದೂ ಅವರ ಪದ್ಧತಿಯೇ. ಏನು ಯೋಚನೆ, ಯಾಕೆ ಬಂತು ಅಂತ ವಿಚಾರಣೆ ಬೇಡ.

ಅಲಾರಂ ಹೊಡೆದ ತಕ್ಷಣ ಎದ್ದು ಓಡಬೇಡಿ. ಮೂರು ಉಸಿರು ಕೂತು ಏಳಿ.

ಮಂಡಿ ನೋವು, ನೆಲದ ಮೇಲೆ ಕೂರಕ್ಕಾಗಲ್ಲ. ಕುರ್ಚಿ ಮೇಲೆ ನಡೆಯತ್ತಾ?

ಧಾರಾಳವಾಗಿ. ಅಂಗಾಲು ಎರಡೂ ನೆಲಕ್ಕೆ ಪೂರ್ತಿ ಊರಲಿ, ಎಟುಕದಿದ್ದರೆ ಕೆಳಗೆ ಮಣೆ ಇಡಿ. ಸಾಧ್ಯವಾದರೆ ಬೆನ್ನು ಒರಗಿಸಬೇಡಿ, ನೋವಿದ್ದರೆ ಒರಗಿಸಿ. ಪದ್ಮಾಸನ ಹಾಕಿದರೆ ಜಾಸ್ತಿ ಪುಣ್ಯ ಏನಿಲ್ಲ. ನೆಲದ ಮೇಲೆ ಕೂರುವವರು ಕುಂಡೆ ಕೆಳಗೆ ಮಡಚಿದ ಕಂಬಳಿ ಇಟ್ಟುಕೊಳ್ಳಿ. ಸೊಂಟ ಮಂಡಿಗಿಂತ ಮೇಲಿದ್ದರೆ ಅರ್ಧ ನೋವು ಕಮ್ಮಿ.

ದಿನಾ ಎಷ್ಟು ಹೊತ್ತು? ಸ್ನಾನ ಆಗಿರ್ಲೇಬೇಕಾ?

ಹತ್ತು ನಿಮಿಷ, ದಿನಾ. ಭಾನುವಾರ ಮಾತ್ರ ಒಂದು ಗಂಟೆ ಕೂರುವುದಕ್ಕಿಂತ ಇದೇ ವಾಸಿ. ಸ್ನಾನ ನಿಮ್ಮಿಷ್ಟ. ಊಟ ಆದ ತಕ್ಷಣ ಮಾತ್ರ ಬೇಡ.

ನಾವು ದಿನಾ ಪೂಜೆ, ಜಪ ಮಾಡೋರು. ಇದು ಬೌದ್ಧರದ್ದಲ್ವಾ? ಮಾಡಬಹುದಾ?

ಬೇರು ಅಲ್ಲೇ ಇದೆ, ಮುಚ್ಚಿಡುವುದೇಕೆ. ಪಾಲಿ ಭಾಷೆಯ ಸತಿಪಟ್ಠಾನ ಸುತ್ತ ಎಂಬ ಉಪದೇಶದಲ್ಲಿ ಬುದ್ಧ ನಾಲ್ಕನ್ನು ಗಮನಿಸಲು ಹೇಳುತ್ತಾನೆ: ಮೈ, ಮೈಮನಸ್ಸಿಗೆ ಹಿತ ಅಹಿತ ಅನಿಸುವುದು, ಮನಸ್ಸಿನ ಸ್ಥಿತಿ, ಮನಸ್ಸಿನಲ್ಲಿ ಬಂದು ಹೋಗುವ ಸಂಗತಿಗಳು. ಶುರು ಮೈಯಿಂದಲೇ.

ಕಳೆದ ಶತಮಾನದಲ್ಲಿ ಇದನ್ನು ಸಂಸಾರಸ್ಥರಿಗೂ ಹೇಳಿಕೊಟ್ಟವರಲ್ಲಿ ಬರ್ಮಾದವರು ಮುಖ್ಯ. ಅವರಲ್ಲಿ ಊ ಬಾ ಖಿನ್ ಅಂತ ಒಬ್ಬರಿದ್ದರು. ಅವರು ಸನ್ಯಾಸಿ ಅಲ್ಲ, ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್. ಲೆಕ್ಕಪತ್ರದ ಆಫೀಸಿನವರು ಮನಸ್ಸಿನ ಲೆಕ್ಕ ನೋಡಿದ್ದು ನನಗಂತೂ ಬಹಳ ಇಷ್ಟ. ಅವರ ಹತ್ತಿರ ಕಲಿತವರು ಎಸ್.ಎನ್. ಗೋಯೆಂಕಾ, 1924ರಲ್ಲಿ ಮಾಂಡಲೆಯಲ್ಲಿ ಹುಟ್ಟಿದ ವ್ಯಾಪಾರಿ. ವಾಸಿಯಾಗದ ಮೈಗ್ರೇನ್ ತಲೆನೋವಿಗೆ ದಾರಿ ಹುಡುಕುತ್ತಾ ಅಲ್ಲಿಗೆ ಹೋದವರು. 1969ರಲ್ಲಿ ಭಾರತಕ್ಕೆ ಬಂದು ಕಲಿಸಲು ಶುರು ಮಾಡಿದರು. ಅತ್ತ ಅಮೆರಿಕದಲ್ಲಿ 1979ರಲ್ಲಿ ಜಾನ್ ಕಬಟ್-ಜಿನ್ ಎಂಬುವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲಿನಲ್ಲಿ, ದೀರ್ಘಕಾಲದ ನೋವಿರುವ ರೋಗಿಗಳಿಗೆ ದೇವರು ಧರ್ಮದ ಮಾತಿಲ್ಲದೆ ಇದನ್ನೇ ಕೆಲವು ವಾರಗಳ ಪಾಠವಾಗಿ ಮಾಡಿದರು.

ನಮ್ಮ ಗುಂಪಿನಲ್ಲಿ ದಿನಾ ಲಿಂಗಪೂಜೆ ಮಾಡುವವರಿದ್ದಾರೆ, ಚರ್ಚಿಗೆ ಹೋಗಿ ಆಮೇಲೆ ಬರುವವರಿದ್ದಾರೆ. ಉಸಿರು ಎಲ್ಲರ ಮೂಗಿನಲ್ಲೂ ಒಂದೇ ಥರ ಓಡಾಡುತ್ತದೆ. ಜಪ ಬಿಡಬೇಕಿಲ್ಲ. ಜಪ ಮುಗಿಸಿ ಮಣಿ ಕೆಳಗಿಟ್ಟ ಮೇಲೆ ಹತ್ತು ನಿಮಿಷ ಹಾಗೇ ಕೂತರಾಯಿತು.

## ಕೂತಾಗ ಬರುವ ತೊಂದರೆಗಳು

ಉಸಿರು ಗಮನಿಸಕ್ಕೆ ಹೋದ್ರೆ ಉಸಿರೇ ಕಟ್ಟಿದ ಹಾಗಾಗತ್ತೆ.

ನೀವು ಉಸಿರು ನೋಡುತ್ತಿಲ್ಲ, ಎಳೆಯುತ್ತಿದ್ದೀರಿ. ಹೊಸಬರಲ್ಲಿ ಬಹಳ ಜನರಿಗೆ ಹೀಗಾಗುತ್ತದೆ, ಅದರಲ್ಲೂ ಪ್ರಾಣಾಯಾಮ ಕಲಿತವರಿಗೆ ಜಾಸ್ತಿ. ಅಲ್ಲಿ ಉಸಿರನ್ನು ನಡೆಸಬೇಕು, ಇಲ್ಲಿ ಅದರ ಪಾಡಿಗೆ ಬಿಡಬೇಕು.

ಸತಿಪಟ್ಠಾನದಲ್ಲಿ ಇದಕ್ಕೆ ಒಂದು ಹೋಲಿಕೆ ಇದೆ. ಮರ ಕಡೆಯುವ ಪಳಗಿದ ಕೆಲಸಗಾರ ಉದ್ದಕ್ಕೆ ತಿರುಗಿಸಿದರೆ ಉದ್ದ ಅಂತ, ಚಿಕ್ಕದಾಗಿ ತಿರುಗಿಸಿದರೆ ಚಿಕ್ಕದು ಅಂತ ತಿಳಿದಿರುತ್ತಾನೆ, ಉಸಿರನ್ನೂ ಹಾಗೇ ತಿಳಿಯಬೇಕು ಅಂತ. ಚನ್ನಪಟ್ಟಣದಲ್ಲಿ ಲೇತ್ ಮುಂದೆ ಕೂತು ಗೊಂಬೆ ಕಡೆಯುವವರನ್ನು ನೋಡಿದಾಗ ನನಗೆ ಈ ಮಾತು ನೆನಪಾಯಿತು. ಮಾತಾಡುತ್ತಲೇ ಇರುತ್ತಾರೆ, ಕೈಗೆ ಮಾತ್ರ ಉಳಿ ಎಲ್ಲಿದೆ ಅನ್ನುವುದು ಗೊತ್ತಿರುತ್ತದೆ.

ಆದರೂ ಕಟ್ಟಿದ ಹಾಗೇ ಆದರೆ ಉಸಿರನ್ನು ಬಿಟ್ಟುಬಿಡಿ. ಅಂಗಾಲು ಹಿಡಿಯಿರಿ, ಇಲ್ಲ ಅಂಗೈ, ಇಲ್ಲ ಹೊರಗಿನ ಸದ್ದು. ಉಬ್ಬಸ ಇರುವವರು, ಎದೆ ಡವಡವ ಅನ್ನುವವರು ಮೊದಲಿಂದಲೇ ಅಂಗಾಲಿಗೆ ಹೋಗುವುದು ಒಳ್ಳೆಯದು. ಉಸಿರೇ ಆಗಬೇಕು ಅಂತ ನಿಯಮ ಇಲ್ಲ.

ಐದೇ ನಿಮಿಷಕ್ಕೆ ತೂಕಡಿಕೆ. ಏನ್ ಮಾಡಲಿ?

ರಾತ್ರಿ ಎಷ್ಟು ಗಂಟೆ ಮಲಗಿದಿರಿ ಅಂತ ಮೊದಲು ನೋಡಿ. ನಿದ್ದೆ ಸಾಲದಿದ್ದರೆ ಮಲಗಿ, ಧ್ಯಾನ ಅದಕ್ಕೆ ಬದಲಿ ಅಲ್ಲ. ನಿದ್ದೆ ಸಾಕಷ್ಟಿದ್ದೂ ತೂಗಿದರೆ ಕಣ್ಣು ಬಿಟ್ಟುಕೊಂಡು ಕೂರಿ, ಅದೂ ಆಗದಿದ್ದರೆ ನಿಂತುಕೊಳ್ಳಿ. ನಿಂತು ತೂಕಡಿಸುವುದು ಕಷ್ಟ. ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಮಲಗುವವರನ್ನೂ ನೋಡಿದ್ದೇನೆ, ಅವರಿಗೆ ನನ್ನ ಹತ್ತಿರ ಮದ್ದಿಲ್ಲ.

ಕಾಲು ಜೋಮು, ಮೂಗು ತುರಿಕೆ, ಮೇಲೆ ಸೊಳ್ಳೆ. ಅಲುಗಾಡಬಾರದಾ?

ಅಲುಗಾಡಬಹುದು. ಆದರೆ ಅದಕ್ಕೆ ಮುಂಚೆ ಅರ್ಧ ನಿಮಿಷ ನೋಡಿ. ಇದು ಸಹನೆಯ ಪರೀಕ್ಷೆ ಅಂತಲ್ಲ, ನೋಡಲು ಸಿಗುವ ಒಳ್ಳೆಯ ಸಾಮಾನು ಅಂತ.

ಮೂಗಿನ ತುದಿಯ ತುರಿಕೆಯನ್ನೇ ತೆಗೆದುಕೊಳ್ಳಿ. ಮೊದಲು ಒಂದು ಚುಕ್ಕಿ. ಆಮೇಲೆ ಅದು ಹರಡುತ್ತದೆ, ಮಧ್ಯೆ ಸಣ್ಣ ಬಿಸಿ, ಅಂಚಿನಲ್ಲಿ ಕಚಗುಳಿ. ಅಷ್ಟರಲ್ಲಿ ಬಲಗೈ ಬೆರಳು ತಾನಾಗೇ ಸ್ವಲ್ಪ ಎದ್ದಿರುತ್ತದೆ, ನೀವು ಹೇಳಿರುವುದಿಲ್ಲ. ಹಾಗೇ ನೋಡುತ್ತಿದ್ದರೆ ತುರಿಕೆ ಏರಿ, ಇನ್ನು ತಡೆಯಲಾಗದು ಅನ್ನುವಷ್ಟಾಗಿ, ಎಷ್ಟೋ ಸಲ ಯಾವಾಗ ಹೋಯಿತು ಅಂತಲೂ ತಿಳಿಯದೆ ಹೋಗಿರುತ್ತದೆ. ಒಂದು ಸಲ ಇದನ್ನು ಕಂಡವರಿಗೆ ಆಮೇಲೆ ಸಿಟ್ಟು ಬಂದಾಗಲೂ ಇದೇ ಏರಿಳಿತ ಗುರುತು ಸಿಗುತ್ತದೆ.

ನೋವಿನಲ್ಲಿ ಎರಡು ಪದರ ಇರುತ್ತದೆ. ಬುದ್ಧ ಇದನ್ನು ಎರಡು ಬಾಣ ಅನ್ನುತ್ತಾನೆ. ಮಂಡಿಯ ಉರಿ ಒಂದು ಬಾಣ. "ಇನ್ನೂ ಎಷ್ಟು ಹೊತ್ತಪ್ಪಾ, ನನ್ನ ಕಾಲು ಹೋಯಿತು, ಯಾಕಾದರೂ ಕೂತೆನೋ" ಅನ್ನುವುದು ಎರಡನೆಯದು, ಅದನ್ನು ನಾವೇ ಹೊಡೆದುಕೊಳ್ಳುವುದು. ಕೂತಾಗ ಎರಡನ್ನೂ ಬೇರೆ ಬೇರೆ ಮಾಡಿ ನೋಡಲು ಆಗುತ್ತದೆ.

ಚುಚ್ಚುವ ನೋವು, ಎದ್ದ ಮೇಲೂ ಹೋಗದ ನೋವು ಇದ್ದರೆ ಮಾತ್ರ ತಕ್ಷಣ ಕಾಲು ಬಿಡಿಸಿ. ಕಾಲು ಬಿಡಿಸುವುದನ್ನೂ ನಿಧಾನವಾಗಿ, ಗೊತ್ತಿದ್ದು ಮಾಡಿ. ಇನ್ನು ಸೊಳ್ಳೆ. ಸೊಳ್ಳೆ ಪರದೆ ಒಳಗೆ ಕೂರಿ, ನಾನೂ ಹಾಗೇ ಮಾಡುತ್ತೇನೆ.

ಮನೇಲಿ ಒಂದು ನಿಮಿಷ ಸದ್ದಿಲ್ಲದೆ ಇರಲ್ಲ. ಕುಕ್ಕರ್, ಟಿವಿ, ಮಕ್ಕಳು. ಎಲ್ಲಿ ಕೂರೋದು?

ಅಲ್ಲೇ. ಸದ್ದನ್ನೇ ಹಿಡಿದು ಕೂರಿ. ಕುಕ್ಕರ್ ಕೂಗುವ ಮುಂಚೆ ಸಣ್ಣಗೆ ಸುಯ್ ಅನ್ನುತ್ತದೆ, ವೆಯ್ಟ್ ಅಲ್ಲಾಡಿ ಚಟಚಟ ಅನ್ನುತ್ತದೆ, ಆಮೇಲೆ ಕೂಗು, ಆಮೇಲೆ ಇಳಿಯುವುದು. ಪೂರ್ತಿ ಕೇಳಿ. ನಡುವೆ "ಇದು ಎರಡನೆಯದಾ ಮೂರನೆಯದಾ, ಬೇಳೆ ಕರಗಿಹೋಗುತ್ತದೆ" ಅಂತ ಬಂದರೆ ಅದು ಸದ್ದಲ್ಲ, ಯೋಚನೆ. ಎರಡರ ಗಡಿ ಅಲ್ಲೇ ಕಾಣುತ್ತದೆ. ಮಗು ಅಳುತ್ತಿದ್ದರೆ ಮಾತ್ರ ಎದ್ದು ಹೋಗಿ, ಗಮನಿಸುತ್ತಾ ಕೂರಬೇಡಿ.

ಒಂದೇ ಜಗಳ, ಒಂದೇ ಮಾತು ತಿರುಗಿ ತಿರುಗಿ ಬರತ್ತೆ. ವಾಪಸ್ ಬಂದ್ರೂ ಎಳ್ಕೊಂಡು ಹೋಗತ್ತೆ.

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಹಗುರ ಯೋಚನೆಗೆ "ಯೋಚನೆ" ಅಂದು ವಾಪಸ್ ಬಂದರೆ ಸಾಕು. ಇದಕ್ಕೆ ಸಾಲದು. ಇದಕ್ಕೆ ಮೈಯಲ್ಲಿ ಒಂದು ಮನೆ ಇರುತ್ತದೆ, ಅದನ್ನು ಹುಡುಕಬೇಕು.

ನನ್ನದೇ ಹೇಳುತ್ತೇನೆ. ಒಂದು ಸಲ ಸೈಟಿನ ವಿಷಯಕ್ಕೆ ಅಣ್ಣನ ಜೊತೆ ಮಾತು ಬೆಳೆಯಿತು. ಮುಂದಿನ ಎರಡು ವಾರ ಕೂತಾಗೆಲ್ಲ ಅದೇ ಸಿನಿಮಾ. ಅವನು ಅಂದಿದ್ದು ಅಷ್ಟೇ, ನನ್ನ ಉತ್ತರ ಮಾತ್ರ ದಿನದಿನಕ್ಕೆ ಚೂಪಾಗುತ್ತಿತ್ತು. ವಾದದಲ್ಲಿ ದಿನಾ ಗೆಲ್ಲುತ್ತಿದ್ದೆ. ಒಂದು ಬೆಳಿಗ್ಗೆ ಮಾತು ಬಿಟ್ಟು ಮೈ ನೋಡೋಣ ಅಂತ ನೋಡಿದರೆ, ಪಕ್ಕೆಲುಬಿನ ಕೆಳಗೆ ಹೊಟ್ಟೆ ಕಲ್ಲಾಗಿದೆ. ಎಡಗಡೆ ದವಡೆ ಬಿಗಿದಿದೆ. ಅದಕ್ಕಿಂತ ಮಜಾ ಅಂದರೆ ಬಾಯಿ ಮುಚ್ಚಿದ್ದರೂ ನಾಲಿಗೆ ಸಣ್ಣಗೆ ಅಲುಗುತ್ತಿದೆ, ಅಣ್ಣನಿಗೆ ಉತ್ತರ ಕೊಡುತ್ತಾ ಇದೆ! ನಾಲಿಗೆಯನ್ನು ಸಡಿಲ ಬಿಟ್ಟು ಕೆಳಗೆ ಮಲಗಿಸಿದೆ. ಒಳಗಿನ ಮಾತು ನಿಲ್ಲಲಿಲ್ಲ, ಆದರೆ ತೊದಲತೊಡಗಿತು. ನೀವೂ ನೋಡಿ, ಜೋರಾಗಿ ಯೋಚಿಸುವಾಗ ನಾಲಿಗೆ ಗಂಟಲು ಸುಮ್ನೆ ಇರುವುದು ಕಮ್ಮಿ.

ಆಮೇಲೆ ಆ ಕಲ್ಲಾದ ಹೊಟ್ಟೆಯ ಹತ್ತಿರ ಇದ್ದೆ. ಅದನ್ನು ಕರಗಿಸಲು ಹೋಗಲಿಲ್ಲ. ಎಷ್ಟು ಅಗಲ, ಅಂಚು ಎಲ್ಲಿ, ಉಸಿರು ಒಳಗೆ ಬಂದಾಗ ಏನಾಗುತ್ತದೆ, ಅಷ್ಟೇ. ಕಥೆಗೆ ಕೊನೆ ಇಲ್ಲ, ಎಷ್ಟು ಹೊತ್ತು ಬೇಕಾದರೂ ಓಡುತ್ತದೆ. ಹೊಟ್ಟೆಯ ಬಿಗಿ ಹಾಗಲ್ಲ, ನೋಡುತ್ತಿದ್ದರೆ ಬದಲಾಗುತ್ತದೆ, ಕೆಲವು ಸಲ ಜಾಸ್ತಿಯೂ ಆಗುತ್ತದೆ. ಅವತ್ತು ಸಿಟ್ಟಿನ ಕೆಳಗೆ ಬೇರೊಂದು ಸಿಕ್ಕಿತು. ಅಣ್ಣ ನನ್ನನ್ನು ನಂಬಲಿಲ್ಲವಲ್ಲ ಅನ್ನುವ ನೋವು. ಅದು ಗಂಟಲಿನಲ್ಲಿತ್ತು. ಸೈಟಿನ ವ್ಯಾಜ್ಯ ಇನ್ನೂ ಹಾಗೇ ಇದೆ, ಅಣ್ಣನ ಜೊತೆ ಮಾತು ಮಾತ್ರ ಸರಿಹೋಯಿತು.

ಕೂತಾಗ್ಲೇ ಒಳ್ಳೊಳ್ಳೆ ಐಡಿಯಾ ಬರತ್ತೆ. ಬರೆದಿಟ್ಕೊಳ್ಳಲಾ?

ಬೇಡ. ಒಳ್ಳೆಯದಾಗಿದ್ದರೆ ಎದ್ದ ಮೇಲೂ ನೆನಪಿರುತ್ತದೆ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು, ಕಾಫಿ ಕುಡಿಯುವ ಹೊತ್ತಿಗೆ ಸಪ್ಪೆ ಅನಿಸುತ್ತವೆ.

## ಮೈಯನ್ನು ಗಮನಿಸುವುದು, ದಿನದ ಕೆಲಸದ ನಡುವೆ

"ಮೈ ಗಮನಿಸಿ" ಅಂತೀರಿ. ನನಗೆ ಏನೂ ಗೊತ್ತೇ ಆಗಲ್ಲ.

ನಿಮ್ಮ ಎಡಗಾಲಿನ ನಾಲ್ಕನೇ ಬೆರಳು ಈಗ ಹೇಗಿದೆ? ಅಲುಗಿಸದೆ ಹೇಳಿ. ಬಹಳ ಜನರಿಗೆ ಅಲ್ಲಿ ಬರೀ ಖಾಲಿ. ಅದೇನೂ ಕೊರತೆಯಲ್ಲ, ಹೋಗಿ ಬಂದು ರೂಢಿಯಿಲ್ಲದ ಓಣಿ ಅದು. "ಇಲ್ಲಿ ಏನೂ ಗೊತ್ತಾಗುತ್ತಿಲ್ಲ" ಅನ್ನುವುದೂ ಒಂದು ಗಮನವೇ, ಅದನ್ನು ದಾಖಲಿಸಿಕೊಂಡು ಮುಂದೆ ಹೋಗಿ.

ಕಲಿಯಲು ಸುಲಭ ದಾರಿ ಮಲಗಿ ಮಾಡುವುದು. ಚಾಪೆ ಮೇಲೆ ಅಂಗಾತ ಮಲಗಿ, ಎಡಗಾಲಿನ ಹೆಬ್ಬೆರಳಿಂದ ಶುರು ಮಾಡಿ. ಬೆರಳುಗಳು, ಅಂಗಾಲು, ಹಿಮ್ಮಡಿ ನೆಲಕ್ಕೆ ಒತ್ತುವ ಜಾಗ, ಮೀನಖಂಡ, ಮಂಡಿ, ತೊಡೆ. ಆಮೇಲೆ ಬಲಗಾಲು. ಸೊಂಟ, ಹೊಟ್ಟೆ, ಬೆನ್ನು, ಎದೆ, ಕೈಗಳು, ಕತ್ತು, ಮುಖ, ನೆತ್ತಿ. ಒಂದೊಂದು ಕಡೆ ಮೂರು ನಾಲ್ಕು ಉಸಿರಿನ ಹೊತ್ತು. ಕಬಟ್-ಜಿನ್ ಅವರ ಪಾಠದಲ್ಲಿ ಬಾಡಿ ಸ್ಕ್ಯಾನ್ ಅಂತ ಇದಕ್ಕೆ ಮುಕ್ಕಾಲು ಗಂಟೆ ಕೊಡುತ್ತಾರೆ. ನಿಮಗೆ 15 ನಿಮಿಷ ಸಾಕು.

ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಮಂಡಿ ಅಂದ ತಕ್ಷಣ ಮಂಡಿಯ ಚಿತ್ರ ನೋಡುತ್ತಾರೆ, ತಲೆಯೊಳಗೆ ಕೂತು ಮೇಲಿಂದ ಕೆಳಗೆ ನೋಡಿದ ಹಾಗೆ. ಅದಲ್ಲ. ಕತ್ತಲಲ್ಲಿ ಬೀರುವಿನೊಳಗೆ ಕೈ ಹಾಕಿ ಸೀರೆಯೋ ಟವೆಲ್ಲೋ ಅಂತ ಮುಟ್ಟಿ ತಿಳಿಯುತ್ತೀರಲ್ಲ, ಹಾಗೆ. ಬಿಸಿ, ತಂಪು, ಒತ್ತಡ, ಜುಮ್ಮೆನ್ನುವುದು, ಮಿಡಿತ. ಹೆಸರು ಆಮೇಲೆ ಬರಲಿ.

ಕೂರಕ್ಕೇ ಟೈಮ್ ಇಲ್ಲ. ಕೆಲಸ ಮಾಡ್ತಾ ಮಾಡ್ತಾನೇ ಆಗಲ್ವಾ?

ಆಗುತ್ತದೆ. ಸತಿಪಟ್ಠಾನದಲ್ಲೇ ನಡೆಯುವಾಗ, ಕೈಕಾಲು ಮಡಚುವಾಗ, ತಿನ್ನುವಾಗ, ಅಷ್ಟೇಕೆ, ಶೌಚಕ್ಕೆ ಹೋದಾಗಲೂ ತಿಳಿದೇ ಮಾಡಿ ಅಂತ ಇದೆ. ಎರಡೂವರೆ ಸಾವಿರ ವರ್ಷದ ಹಿಂದಿನ ಮಾತು, ಸಂಕೋಚವೇ ಇಲ್ಲ. ಈಗ ನಾವು ಅಲ್ಲಿಗೂ ಫೋನ್ ತೆಗೆದುಕೊಂಡು ಹೋಗುತ್ತೇವೆ.

ಇಡೀ ದಿನ ಎಚ್ಚರವಾಗಿರುತ್ತೇನೆ ಅಂತ ಹೊರಡಬೇಡಿ, ಒಂಬತ್ತು ಗಂಟೆಗೇ ಸುಸ್ತಾಗುತ್ತೀರಿ. ಒಂದು ಕೆಲಸ ಆರಿಸಿಕೊಳ್ಳಿ. ನಾನು ಮೊದಲು ಆರಿಸಿಕೊಂಡಿದ್ದು ಬೀಗ. ಮನೆಗೆ ಬೀಗ ಹಾಕಿ ಬಸ್ ಸ್ಟಾಪಿಗೆ ಹೋಗಿ, ಹಾಕಿದೆನೋ ಇಲ್ಲವೋ ಅಂತ ವಾಪಸ್ ಓಡಿಬರುವುದು ವಾರಕ್ಕೆ ಎರಡು ಸಲ ಆಗುತ್ತಿತ್ತು. ಬೀಗ ಯಾವಾಗಲೂ ಹಾಕಿಯೇ ಇರುತ್ತಿತ್ತು. ಕೈ ಹಾಕಿತ್ತು, ನಾನು ಅಲ್ಲಿರಲಿಲ್ಲ. ಈಗ ಬೀಗ ಹಿಡಿದಾಗ ಅದರ ತೂಕ, ತಣ್ಣಗಿರುವುದು, ಕೀಲಿ ತಿರುಗಿ ಕೊನೆಗೆ ಟಕ್ ಅನ್ನುವುದು, ಎಳೆದಾಗ ಭುಜಕ್ಕೆ ಬರುವ ಜಗ್ಗು, ಇಷ್ಟನ್ನು ನೋಡುತ್ತೇನೆ. ಐದು ಸೆಕೆಂಡ್. ವಾಪಸ್ ಓಡಿಬರುವುದು ನಿಂತಿದೆ.

ಪಾತ್ರೆ ತೊಳೆಯುವುದೂ ಒಳ್ಳೆಯದು. ಅನ್ನದ ಪಾತ್ರೆ ತಳ ಉಜ್ಜುವಾಗ ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ಅಂಟಿದ ಅಗುಳು ಗೊತ್ತಾಗುತ್ತದೆ. ಜಿಡ್ಡು ಹೋದ ಸ್ಟೀಲು ಬೆರಳಿಗೆ ಕಿರ್ ಅನ್ನುತ್ತದೆ. ಅದೇ ಜಾಗದಲ್ಲಿ ನಿಂತು ನಾದಿನಿ ಅಂದ ಮಾತನ್ನು ನೆನೆಸಿಕೊಂಡೂ ತೊಳೆಯಬಹುದು. ಪಾತ್ರೆ ಎರಡು ರೀತಿಯಲ್ಲೂ ತೊಳೆಯುತ್ತದೆ, ಭುಜದ ನೋವು ಮಾತ್ರ ಬೇರೆ ಬೇರೆ.

ಗಾಡಿ ಓಡಿಸುವಾಗ ಉಸಿರು ಗಿಸಿರು ನೋಡಬೇಡಿ, ರಸ್ತೆ ನೋಡಿ.

ಆಪ್ ಹಾಕ್ಕೊಂಡು, ಮ್ಯೂಸಿಕ್ ಹಾಕ್ಕೊಂಡು ಮಾಡಬಹುದಾ?

ಮೊದಲ ತಿಂಗಳು ಯಾರಾದರೂ ಹೇಳಿಕೊಡುವ ದನಿ ಸಹಾಯಕ್ಕೆ ಬರುತ್ತದೆ. ಆಮೇಲೆ ಬಿಡಿ. ಮ್ಯೂಸಿಕ್ ಬೇಡ ಅಂತಲೇ ನನ್ನ ಅಭಿಪ್ರಾಯ. ಅದು ಚೆನ್ನಾಗಿರುತ್ತದೆ, ತೊಂದರೆಯೇ ಅದು.

## ಕೆಲವು ತಿಂಗಳು, ವರ್ಷ ಆದವರು

ಮೊದಲು ಎಷ್ಟು ಚೆನ್ನಾಗಿ ಆಗ್ತಿತ್ತು! ಈಗ ಬರೀ ಬೋರು.

ಆ ಒಂದು ಒಳ್ಳೆಯ ದಿನವನ್ನು ಮತ್ತೆ ತರಿಸಲು ಕೂರುತ್ತಿದ್ದೀರಿ. ಹೋಟೆಲಿನಲ್ಲಿ ಹೋದ ಸಲದ ದೋಸೆ ನೆನೆಸಿಕೊಂಡು ಈ ಸಲದ್ದನ್ನು ಬೈದ ಹಾಗೆ. ಬೋರು ಅನ್ನುವುದು ಮೈಯಲ್ಲಿ ಎಲ್ಲಿದೆ ನೋಡಿ. ನನಗೆ ಅದು ಕಣ್ಣಿನ ಹಿಂದೆ ಒಂದು ಭಾರ, ಕಾಲಿನಲ್ಲಿ ಒಂದು ಚಡಪಡಿಕೆ. ಅದನ್ನೇ ಉಸಿರಿನ ಬದಲು ಹಿಡಿದು ಕೂತಿದ್ದೇನೆ.

ಬೆಳಕು ಕಾಣತ್ತೆ, ಮೈ ಇಲ್ಲವೇ ಇಲ್ಲ ಅನಿಸತ್ತೆ. ಕುಂಡಲಿನಿ ಎದ್ದಿದ್ಯಾ?

ಏನು ಎದ್ದಿದೆಯೋ ನಾನು ಹೇಳಲಾರೆ. ಅಲುಗದೆ ಬಹಳ ಹೊತ್ತು ಕೂತಾಗ ಮೈಯ ಅಂಚು ತಿಳಿಯದ ಹಾಗಾಗುವುದು, ಮುಚ್ಚಿದ ಕಣ್ಣೊಳಗೆ ಬಣ್ಣ ಕಾಣುವುದು ಇದ್ದದ್ದೇ. ಬಂದರೆ ಬರಲಿ, ಹೋದರೆ ಹೋಗಲಿ. ಎದ್ದು ಎಲ್ಲರಿಗೂ ಹೇಳಿಕೊಂಡು ಬಂದರೆ ಮಾರನೇ ದಿನ ಅದಕ್ಕೋಸ್ಕರ ಕಾಯುವ ಕೆಲಸ ಶುರುವಾಗುತ್ತದೆ.

"ನಾನು ಗಮನಿಸ್ತಿದೀನಿ" ಅನ್ನೋದೂ ಒಂದು ಯೋಚನೆಯೇ ಅಲ್ವಾ? ಹಾಗಾದ್ರೆ ಹೊರಗೆ ಬರೋದು ಹೇಗೆ?

ಹೌದು, ಅದೂ ಯೋಚನೆಯೇ. ಈ ಪ್ರಶ್ನೆ ಬಂತು ಅಂದರೆ ನೀವು ಸರಿಯಾಗೇ ನೋಡುತ್ತಿದ್ದೀರಿ. ಕೆಲವು ತಿಂಗಳು ಕೂತವರ ತಲೆಯಲ್ಲಿ ಒಬ್ಬ ಕಾಮೆಂಟರಿ ಹೇಳುವವನು ಹುಟ್ಟಿಕೊಳ್ಳುತ್ತಾನೆ: "ಈಗ ಉಸಿರು ಒಳಗೆ, ವಾ, ಇವತ್ತು ಚೆನ್ನಾಗಿದೆ, ಹಾ, ಈಗ ಹೋದೆ". ಕ್ರಿಕೆಟ್ ಆಡುವುದು ಬಿಟ್ಟು ರೇಡಿಯೊ ಹಿಡಿದುಕೊಂಡ ಹಾಗೆ.

ಬೇರೆ ಮಾಡುವುದು ಹೀಗೆ. ಈಗ ನಿಮ್ಮ ಅಂಗೈ ಬೆಚ್ಚಗಿದೆ. "ಅಂಗೈ ಬೆಚ್ಚಗಿದೆ" ಅಂತ ಹೇಳಿಕೊಳ್ಳುವ ಮುಂಚೆಯೇ ಅದು ಗೊತ್ತಿತ್ತಲ್ಲ? ಆ ಗೊತ್ತಿರುವುದಕ್ಕೆ ಮಾತು ಬೇಕಿಲ್ಲ. ಕಾಮೆಂಟರಿ ಒಂದು ಹೆಜ್ಜೆ ಹಿಂದೆ ಬರುತ್ತದೆ. ಅದನ್ನು ಓಡಿಸಬೇಡಿ, ಇನ್ನೊಂದು ಸದ್ದು ಅಂತ ಬಿಟ್ಟು ಅಂಗೈಗೆ ಬನ್ನಿ. ಮೊದಲಿಗೆ "ಯೋಚನೆ" ಅಂತ ಹೆಸರು ಹೇಳಲು ಹೇಳಿದ್ದೆ. ಈ ಹಂತಕ್ಕೆ ಬಂದವರು ಅದನ್ನೂ ಬಿಡಬಹುದು.

ನೋಡುತ್ತಿರುವವರು ಯಾರು ಅಂತ ಮುಂದಕ್ಕೆ ಕೇಳುತ್ತಾ ಹೋಗುವುದು ತಿರುವಣ್ಣಾಮಲೈಯ ರಮಣ ಮಹರ್ಷಿಗಳ ದಾರಿ. ನಾನು ಆ ದಾರಿಯಲ್ಲಿ ನಡೆದವನಲ್ಲ, ಸುಮ್ನೆ ಮಾತಾಡುವುದು ಬೇಡ.

ಹತ್ತು ದಿನದ ವಿಪಸ್ಸನಾ ಶಿಬಿರಕ್ಕೆ ಹೋಗಲಾ?

ಮನೆಯಲ್ಲಿ ಎರಡು ಮೂರು ತಿಂಗಳು ದಿನಾ ಕೂತಿದ್ದರೆ, ಮನಸ್ಸಿನ ಆರೋಗ್ಯ ಸರಿಯಾಗಿದ್ದರೆ, ಹೋಗಿಬನ್ನಿ. ವಿಪಸ್ಸನಾ ಅಂದರೆ ಉಸಿರು, ಮೈ ಗಮನಿಸುವ ಇದೇ ಧ್ಯಾನ. ಗೋಯೆಂಕಾ ಅವರ ಪದ್ಧತಿಯಲ್ಲಿ ಬೆಳಿಗ್ಗೆ 4ಕ್ಕೆ ಗಂಟೆ, ರಾತ್ರಿ 9ರವರೆಗೆ ದಿನಚರಿ, ಅದರಲ್ಲಿ ಕೂರುವುದೇ ಸುಮಾರು 10 ಗಂಟೆ. ಮಾತಿಲ್ಲ, ಫೋನ್ ಇಲ್ಲ, ಪುಸ್ತಕವೂ ಇಲ್ಲ. ಮಧ್ಯಾಹ್ನದ ಊಟ 11ಕ್ಕೆ, ಸಂಜೆ ಹೊಸಬರಿಗೆ ಹಣ್ಣು ಮತ್ತು ಚಹಾ. ಮೊದಲ ಮೂರು ದಿನ ಬರೀ ಉಸಿರು, ನಾಲ್ಕನೇ ದಿನದಿಂದ ತಲೆಯಿಂದ ಕಾಲಿನವರೆಗೆ ಮೈ. ಶುಲ್ಕ ಇಲ್ಲ, ಮುಗಿಸಿದವರು ಇಷ್ಟವಿದ್ದರೆ ದಾನ ಕೊಡಬಹುದು. ಮುಖ್ಯ ಕೇಂದ್ರ ಮಹಾರಾಷ್ಟ್ರದ ಇಗತ್‌ಪುರಿಯಲ್ಲಿದೆ, ಬೆಂಗಳೂರಿನವರಿಗೆ ತುಮಕೂರು ರಸ್ತೆ ಕಡೆ ಧಮ್ಮ ಪಫುಲ್ಲ ಇದೆ.

ಎರಡನೇ ದಿನ, ಆರನೇ ದಿನ ಓಡಿಹೋಗಬೇಕು ಅನಿಸಿತ್ತು ನನಗೆ. ಆರನೇ ದಿನ ಮಧ್ಯಾಹ್ನ ಪೂರ್ತಿ ಒಂದು ಗಂಟೆ, ಚಿಕ್ಕವನಿದ್ದಾಗ ಕೇಳಿದ ಸೋಪಿನ ಜಾಹೀರಾತಿನ ಹಾಡು ತಲೆಯಲ್ಲಿ ಓಡಿತು.

ಕೂತಾಗ ಅಳು ಬರತ್ತೆ, ಭಯ ಆಗತ್ತೆ. ಮುಂದುವರಿಸಲಾ? ಮಾತ್ರೆ ಬಿಡಬಹುದಾ?

ಸ್ವಲ್ಪ ಅಳು ಬಂದು ಹೋದರೆ ಪರವಾಗಿಲ್ಲ, ಬರಲಿ. ಆದರೆ ಭಯ ಹಿಡಿದುಕೊಂಡು ಬಿಡದಿದ್ದರೆ, ಹಳೆಯ ಕೆಟ್ಟ ಘಟನೆ ಮತ್ತೆ ನಡೆಯುತ್ತಿರುವ ಹಾಗಾದರೆ, ನಿದ್ದೆ ಹೋದರೆ, ಸುತ್ತಲಿನದ್ದೆಲ್ಲ ನಿಜವೇ ಅಲ್ಲ ಅನಿಸಿದರೆ ನಿಲ್ಲಿಸಿ. ಕಣ್ಣು ಬಿಡಿ. ಅಂಗಾಲು ನೆಲಕ್ಕೆ ಒತ್ತಿ, ರೂಮಿನಲ್ಲಿರುವ ಐದು ಸಾಮಾನುಗಳ ಹೆಸರು ಜೋರಾಗಿ ಹೇಳಿ, ತಣ್ಣೀರು ಮುಟ್ಟಿ. ಧ್ಯಾನದಿಂದ ಎಲ್ಲರಿಗೂ ಒಳ್ಳೆಯದೇ ಆಗುತ್ತದೆ ಅನ್ನುವುದು ಸುಳ್ಳು. ಕೂರುವವರಲ್ಲಿ ಭಯ, ನಿದ್ದೆಗೇಡು, ಗೊಂದಲ ಕಂಡ ಬಗ್ಗೆ ಅಮೆರಿಕದ ಸಂಶೋಧಕರು 2017ರಲ್ಲಿ ದೊಡ್ಡ ಅಧ್ಯಯನವನ್ನೇ ಪ್ರಕಟಿಸಿದ್ದಾರೆ. ಸಹಿಸಿಕೊಂಡು ಕೂತರೆ ಕರ್ಮ ಕಳೆಯುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಮ್ಮ ಗುಂಪಿನ ಒಬ್ಬರಿಗೆ ಹೀಗಾದಾಗ ನಾನೂ "ಇನ್ನೊಂದು ವಾರ ನೋಡಿ" ಅಂದುಬಿಟ್ಟಿದ್ದೆ, ಈಗಲೂ ಅದಕ್ಕೆ ಬೇಜಾರಿದೆ.

ಮಾತ್ರೆ ಬಿಡಬೇಡಿ. ಬಿಪಿಯದ್ದಾಗಲಿ, ಮನಸ್ಸಿನದ್ದಾಗಲಿ, ಕಮ್ಮಿ ಮಾಡುವುದು ಬಿಡುವುದು ಕೊಟ್ಟ ಡಾಕ್ಟರ ಕೆಲಸ. ಯಾರ ಹತ್ತಿರ ಹೇಳಿಕೊಳ್ಳುವುದು ಅಂತ ತೋಚದಿದ್ದರೆ ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ಇಷ್ಟು ವರ್ಷ ಕೂತಿದೀರಲ್ಲ, ನಿಮ್ಮ ಮನಸ್ಸು ಈಗ ಓಡಲ್ವಾ?

ಇವತ್ತು ಬೆಳಿಗ್ಗೆಯದ್ದೇ ಹೇಳುತ್ತೇನೆ. 40 ನಿಮಿಷ ಕೂತೆ. ಮೊದಲ ಹತ್ತು ನಿಮಿಷ ಮಹಡಿ ಸೋರುವ ಜಾಗಕ್ಕೆ ಯಾವ ಸಿಮೆಂಟು ಹಾಕಿಸುವುದು ಅಂತ ಯೋಚಿಸಿದೆ. ಗೊತ್ತಾಯಿತು, ವಾಪಸ್ ಬಂದೆ, ಎಡ ಭುಜ ಮೇಲೆದ್ದಿತ್ತು, ಬಿಟ್ಟೆ. ಆಮೇಲೆ ಸ್ವಲ್ಪ ಹೊತ್ತು ಹೊಟ್ಟೆ ಏರಿತು, ಇಳಿಯಿತು. ಆಮೇಲೆ ಮೇಸ್ತ್ರಿ ಹೋದ ಸಲ ಎಷ್ಟು ತೆಗೆದುಕೊಂಡಿದ್ದ ಅಂತ ಲೆಕ್ಕ. ವಾಪಸ್. ಬೀದಿಯಲ್ಲಿ ಸೊಪ್ಪಿನವಳು ಕೂಗಿದಳು, ದಂಟು, ಪಾಲಕ್, ಮೆಂತ್ಯ. ಮೆಂತ್ಯ ಅಂದಾಗ ಬಾಯಲ್ಲಿ ನೀರೂರಿದ್ದು ಗೊತ್ತಾಯಿತು. ಅಲಾರಂ ಹೊಡೆಯಿತು, ಮೂರು ಉಸಿರು ಕೂತೆ, ಎದ್ದು ಹೋಗಿ ಎರಡು ಕಟ್ಟು ತೆಗೆದುಕೊಂಡೆ.